ಸೆಪ್ಟೆಂಬರ್ 14ರಂದು ಹುಟ್ಟಿದ ಹುಡುಗರು

1969ರ ಡಿಸೆಂಬರ್ 1, ಸೋಮವಾರ ರಾತ್ರಿ. ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಚೇರಿಯಲ್ಲಿ ದೊಡ್ಡದೊಂದು ಗಾಜಿನ ಜಾಡಿ. ಅದರ ತುಂಬ ನೀಲಿ ಪ್ಲಾಸ್ಟಿಕ್ ಗುಳಿಗೆಗಳು, ಒಟ್ಟು 366. ಒಂದೊಂದರೊಳಗೂ ಒಂದು ಚೀಟಿ, ಚೀಟಿಯಲ್ಲಿ ವರ್ಷದ ಒಂದು ತಾರೀಖು. ಅಲೆಕ್ಸಾಂಡರ್ ಪಿರ್ನಿ ಎಂಬ ಸಂಸದರು ಜಾಡಿಗೆ ಕೈಹಾಕಿ ಮೊದಲ ಗುಳಿಗೆ ತೆಗೆದರು. ಸೆಪ್ಟೆಂಬರ್ 14.

ನಮ್ಮಲ್ಲಿ ಚೀಟಿ ಗುಂಪಿನವರು ತಿಂಗಳಿಗೊಮ್ಮೆ ಡಬ್ಬಿ ಕುಲುಕಿ ಹೆಸರು ಎತ್ತುತ್ತಾರಲ್ಲ, ನೋಡಲು ಥೇಟ್ ಹಾಗೆಯೇ. ಅಲ್ಲಿ ಮೊದಲು ಹೆಸರು ಬಂದವನಿಗೆ ದುಡ್ಡು, ಇಲ್ಲಿ ಮೊದಲು ತಾರೀಖು ಬಂದವನಿಗೆ ವಿಯೆಟ್ನಾಂ. 1944ರಿಂದ 1950ರ ನಡುವೆ ಹುಟ್ಟಿದ, ಇನ್ನೂ ಸೈನ್ಯಕ್ಕೆ ಸೇರದ ಅಮೆರಿಕದ ಗಂಡು ಹುಡುಗರಿಗೆಲ್ಲ ಈ ಚೀಟಿ ಅನ್ವಯ. ಟಿವಿಯಲ್ಲಿ ನೇರ ಪ್ರಸಾರ ಇತ್ತು. ತಮ್ಮ ಹುಟ್ಟಿದ ದಿನ ಆದಷ್ಟು ತಡವಾಗಿ ಬರಲಿ ಎಂದು ಬೇಡಿಕೊಳ್ಳುತ್ತ ಹಾಸ್ಟೆಲ್‌ಗಳಲ್ಲಿ, ಮನೆಗಳ ಹಜಾರದಲ್ಲಿ ಹುಡುಗರು ಟಿವಿ ಮುಂದೆ ಕೂತಿದ್ದರು. ಕಡೆಯದಾಗಿ ಬಂದದ್ದು ಜೂನ್ 8. ತಾರೀಖು ಎಷ್ಟನೆಯದಾಗಿ ಬಂತೋ ಅದೇ ಹುಡುಗನ ಸಂಖ್ಯೆ. ಮುಂದಿನ ವರ್ಷ 195ನೇ ಸಂಖ್ಯೆಯವರೆಗಿನವರಿಗೆ ಕರೆ ಹೋಯಿತು. 196 ಬಂದವನು ಬಚಾವು.

ಕಡ್ಡಾಯ ಸೈನ್ಯ ಸೇವೆ ನಮಗೆ ಅಪರಿಚಿತ ವಿಷಯ. ಇಲ್ಲಿ ಸೇನಾ ಭರ್ತಿ ರ‍್ಯಾಲಿ ಅಂದರೆ ಬೆಳಗಾವಿ, ವಿಜಯಪುರದ ಕಡೆಯ ಹುಡುಗರು ನಸುಕಿಗೇ ಎದ್ದು ತಿಂಗಳುಗಟ್ಟಲೆ ಓಟದ ಅಭ್ಯಾಸ ಮಾಡಿ, ಆಯ್ಕೆಯಾಗದಿದ್ದರೆ ಅಳುತ್ತ ಮನೆಗೆ ಬರುವ ಜಾಗ. ಬೇಡ ಅಂದರೂ ಬಾ ಎನ್ನುವ ಸೈನ್ಯ, ಬಾರದಿದ್ದರೆ ಜೈಲು ಎನ್ನುವ ಸರ್ಕಾರ, ಇದನ್ನು ಊಹಿಸಿಕೊಳ್ಳುವುದು ನಮಗೆ ಕಷ್ಟ. ಅಮೆರಿಕದಲ್ಲಿ ಇದನ್ನು ಡ್ರಾಫ್ಟ್ ಎನ್ನುತ್ತಾರೆ. ವಿಯೆಟ್ನಾಂ ಯುದ್ಧದ ಡ್ರಾಫ್ಟ್ ಬಗ್ಗೆ ಬರೆದವರು ಹೆಚ್ಚಾಗಿ ರಾಜಕೀಯ ಬರೆದಿದ್ದಾರೆ: ಯುದ್ಧ ಸರಿಯೋ ತಪ್ಪೋ, ಯಾರು ಗೆದ್ದರು, ಯಾರು ಪ್ರತಿಭಟಿಸಿದರು. ನನಗೆ ಕುತೂಹಲ ಇರುವುದು ಅದರ ಯಂತ್ರದ ಬಗ್ಗೆ. ಆ ಯಂತ್ರ ಒಬ್ಬ ಹುಡುಗನನ್ನು ಊರಿನಿಂದ ಹೇಗೆ ಎತ್ತಿಕೊಂಡಿತು, ಹೇಗೆ ಕಾಡಿಗೆ ಒಯ್ದಿತು, ಹೇಗೆ ವಾಪಸು ತಂದು ಬಿಟ್ಟಿತು? ಹಂತ ಹಂತವಾಗಿ ನೋಡಿದರೆ, ಎಲ್ಲ ಕಡೆಯೂ ಅವನನ್ನು ಒಂಟಿಯಾಗಿಯೇ ಇಟ್ಟಿದ್ದು ಕಾಣುತ್ತದೆ. ಮನೆಗೆ ಬಂದ ಮೇಲಿನ ಅವನ ಅರ್ಧ ಕಷ್ಟದ ಬೇರು ಅಲ್ಲೇ ಇದೆ ಎಂದು ನನ್ನ ಅನಿಸಿಕೆ.

ಯಾರಿಗೆ ಬಂತು ಕಾಗದ

ಮೊದಲು ಸಂಖ್ಯೆಗಳು. 1964ರಿಂದ 1973ರವರೆಗೆ ಡ್ರಾಫ್ಟ್ ವಯಸ್ಸಿಗೆ ಬಂದ ಗಂಡಸರು ಸುಮಾರು 2 ಕೋಟಿ 70 ಲಕ್ಷ. ಅವರಲ್ಲಿ ಡ್ರಾಫ್ಟ್ ಆದವರು ಸುಮಾರು 22 ಲಕ್ಷ ಮಾತ್ರ. ಅಂದರೆ ಬಹುಪಾಲು ಹುಡುಗರನ್ನು ಯಂತ್ರ ಮುಟ್ಟಲೇ ಇಲ್ಲ. ಎಲ್ಲರನ್ನೂ ಕರೆದುಕೊಂಡು ಹೋಗುವ ಕಡ್ಡಾಯವಾಗಿದ್ದರೆ ಅದಕ್ಕೊಂದು ನ್ಯಾಯವಾದರೂ ಇರುತ್ತಿತ್ತು. ಹತ್ತರಲ್ಲಿ ಒಬ್ಬನನ್ನು ಕರೆಯುವ ಕಡ್ಡಾಯದಲ್ಲಿ ಮೊದಲು ಏಳುವ ಪ್ರಶ್ನೆಯೇ ‘ನಾನೇ ಯಾಕೆ?’

ಚೀಟಿ ಎತ್ತುವ ಮೊದಲು ಉತ್ತರ ಕೊಡುತ್ತಿದ್ದದ್ದು ಸ್ಥಳೀಯ ಮಂಡಳಿ. ಊರಿನ ನಾಲ್ಕಾರು ಗಣ್ಯರು ಕೂತು ತಮ್ಮೂರಿನ ಹುಡುಗರ ಕಡತ ನೋಡಿ ದರ್ಜೆ ಕೊಡುತ್ತಿದ್ದರು. 1-ಎ ಅಂದರೆ ಸಿದ್ಧ, ಯಾವಾಗ ಬೇಕಾದರೂ ಕರೆಯಬಹುದು. 2-ಎಸ್ ಅಂದರೆ ಕಾಲೇಜು ವಿದ್ಯಾರ್ಥಿ, ಸದ್ಯಕ್ಕೆ ಬಿಡುವು. 4-ಎಫ್ ಅಂದರೆ ದೇಹ ಅಥವಾ ಮನಸ್ಸು ಸೇವೆಗೆ ಒಗ್ಗದು. ಕಾಲೇಜು ಫೀ ಕಟ್ಟಬಲ್ಲವನಿಗೆ ನಾಲ್ಕು ವರ್ಷ ನಿರಾಳ, ಕುಟುಂಬದ ಡಾಕ್ಟರಿಂದ ಸರಿಯಾದ ಪತ್ರ ತರಬಲ್ಲವನಿಗೆ ಇನ್ನೂ ನಿರಾಳ. ಹೈಸ್ಕೂಲು ಮುಗಿಸಿ ಗ್ಯಾರೇಜಿನಲ್ಲೋ ಹೊಲದಲ್ಲೋ ಕಾರ್ಖಾನೆಯಲ್ಲೋ ದುಡಿಯುತ್ತಿದ್ದವನಿಗೆ 1-ಎ. ಮದುವೆಯಾದರೂ ಒಂದು ಕಾಲಕ್ಕೆ ರಿಯಾಯಿತಿ ಇತ್ತು. 1965ರ ಆಗಸ್ಟ್ 26ರ ಮಧ್ಯರಾತ್ರಿಗೆ ಅದನ್ನು ನಿಲ್ಲಿಸುತ್ತೇವೆ ಎಂದು ಅಧ್ಯಕ್ಷ ಜಾನ್ಸನ್ ಆದೇಶ ಹೊರಡಿಸಿದ ದಿನ ಲಾಸ್ ವೇಗಸ್‌ನ ಮದುವೆ ಛತ್ರಗಳಲ್ಲಿ ಮುಹೂರ್ತ ನೋಡದೆ ಜೋಡಿಗಳು ಸಾಲು ನಿಂತಿದ್ದವು.

ಇಷ್ಟೂ ಸಾಲದು ಎಂಬಂತೆ 1966ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ ಇನ್ನೊಂದು ಯೋಜನೆ ತಂದರು, ಹೆಸರು ‘ಪ್ರಾಜೆಕ್ಟ್ 1,00,000’. ಸೈನ್ಯದ ಬುದ್ಧಿಮತ್ತೆ ಪರೀಕ್ಷೆಯಲ್ಲಿ ಅದುವರೆಗೆ ಫೇಲಾಗುತ್ತಿದ್ದವರನ್ನೂ ಮಟ್ಟ ಇಳಿಸಿ ತೆಗೆದುಕೊಳ್ಳುವುದು. ಬಡ ಹುಡುಗರಿಗೆ ಕಸುಬು ಕಲಿಸುತ್ತೇವೆ ಎಂದು ಹೇಳಲಾಯಿತು. 1971ರ ಹೊತ್ತಿಗೆ ಹೀಗೆ ಬಂದವರು ಮೂರೂವರೆ ಲಕ್ಷ. ಓದಲು ಬರೆಯಲು ತಿಣುಕಾಡುವವನಿಗೆ ಸೈನ್ಯದಲ್ಲಿ ಸುಲಭವಾಗಿ ಸಿಗುವ ಕಸುಬು ಯಾವುದು? ಬಂದೂಕು ಹೊತ್ತು ನಡೆಯುವುದು.

ಈ ಅನ್ಯಾಯದ ಕೂಗು ಜೋರಾದಾಗ ಚೀಟಿ ಬಂತು. ಅದೃಷ್ಟಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎಂದು. ಅದೃಷ್ಟವನ್ನೂ ಸರಿಯಾಗಿ ಕಲಸಲಿಲ್ಲ ಎಂಬುದು ಆಮೇಲಿನ ತಮಾಷೆ. ಗುಳಿಗೆಗಳನ್ನು ಜನವರಿಯಿಂದ ಶುರುಮಾಡಿ ತಿಂಗಳು ತಿಂಗಳಾಗಿ ಪೆಟ್ಟಿಗೆಗೆ ಹಾಕಿದ್ದರು. ಕಡೆಗೆ ಬಿದ್ದ ಡಿಸೆಂಬರಿಗೆ ಕಲಸಿಸಿಕೊಳ್ಳುವ ಅವಕಾಶವೇ ಹೆಚ್ಚು ಸಿಗಲಿಲ್ಲ. ಮರುದಿನದಿಂದಲೇ ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿದರು: ಜನವರಿಯ ತಾರೀಖುಗಳಿಗೆ ಬಂದ ಸರಾಸರಿ ಸಂಖ್ಯೆ ಸುಮಾರು 201, ಡಿಸೆಂಬರಿನದು ಸುಮಾರು 121. ವರ್ಷದ ಕೊನೆಯಲ್ಲಿ ಹುಟ್ಟಿದ್ದೇ ಆ ಹುಡುಗರ ತಪ್ಪು. 1970ರ ಜುಲೈಯ ಎರಡನೇ ಚೀಟಿಗೆ ಎರಡು ಬೇರೆ ಬೇರೆ ಪಾತ್ರೆ ಇಟ್ಟು, ಒಂದರಿಂದ ತಾರೀಖು, ಇನ್ನೊಂದರಿಂದ ಸಂಖ್ಯೆ ಎತ್ತಿ ಸರಿಪಡಿಸಿದರು. ಮೊದಲ ಚೀಟಿಯನ್ನು ಮಾತ್ರ ರದ್ದು ಮಾಡಲಿಲ್ಲ.

ಡ್ರಾಫ್ಟ್ ಅಮೆರಿಕದ ನಾಗರಿಕರಿಗೆ ಮಾತ್ರ ಎಂದುಕೊಳ್ಳಬೇಡಿ. ಕಾಯಂ ವಾಸದ ಪರವಾನಗಿ, ಅಂದರೆ ಗ್ರೀನ್ ಕಾರ್ಡ್ ಇದ್ದ ವಲಸಿಗರೂ ಅದರ ವ್ಯಾಪ್ತಿಯಲ್ಲಿದ್ದರು. 1973ರಲ್ಲಿ ಡ್ರಾಫ್ಟ್ ನಿಂತಿತಾದರೂ ಹೆಸರು ನೋಂದಾಯಿಸುವ ಪದ್ಧತಿಯನ್ನು 1980ರಲ್ಲಿ ಮತ್ತೆ ತಂದರು. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿ ಗ್ರೀನ್ ಕಾರ್ಡ್ ಪಡೆದ ಕನ್ನಡ ಕುಟುಂಬಗಳ ಗಂಡುಮಕ್ಕಳೂ 18 ತುಂಬಿದ ಮೇಲೆ ಆ ಪಟ್ಟಿಯಲ್ಲಿರಬೇಕು. ಎಷ್ಟೋ ತಾಯಂದಿರಿಗೆ ಇದು ಗೊತ್ತಾಗುವುದು ನೋಂದಣಿಯ ಲಕೋಟೆ ಮನೆಗೆ ಬಂದಾಗಲೇ.

ಒಂದು ಹೆಜ್ಜೆ ಮುಂದೆ

ಕರೆಯೋಲೆಯ ಮೊದಲ ಸಾಲು ಅಮೆರಿಕದಲ್ಲಿ ಗಾದೆಯಷ್ಟು ಪ್ರಸಿದ್ಧ. ‘ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷರಿಂದ’ ಎಂದು ಶುರುವಾಗಿ, ಹುಡುಗನ ಹೆಸರು ಬರೆದು, ‘ಶುಭಾಶಯ’ ಎನ್ನುತ್ತಿತ್ತು. ಅದರ ಕೆಳಗೇ ಇಂಥ ದಿನ ಇಂಥ ಹೊತ್ತಿಗೆ ಇಂಥಲ್ಲಿ ಹಾಜರಾಗು ಎಂಬ ಆಜ್ಞೆ.

ಹಾಜರಾದ ದಿನ ವೈದ್ಯಕೀಯ ತಪಾಸಣೆ ಮುಗಿಸಿ ಸಾಲಾಗಿ ನಿಲ್ಲಿಸುತ್ತಾರೆ. ಹೆಸರು ಕೂಗಿದಾಗ ಒಂದು ಹೆಜ್ಜೆ ಮುಂದಿಡಬೇಕು. ಆ ಹೆಜ್ಜೆಯೇ ಕಾನೂನಿನ ಗಡಿ. ಅದರ ಈಚೆ ನಾಗರಿಕ, ಆಚೆ ಸಿಪಾಯಿ. 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಇಡಲು ಒಪ್ಪದ ಹೆಜ್ಜೆ ಅದೇ. ಅವರ ಹೆವಿವೇಯ್ಟ್ ಪಟ್ಟ ಹೋಯಿತು, ಶಿಕ್ಷೆಯಾಯಿತು, ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಗೊಳಿಸಿದ್ದು 1971ರಲ್ಲಿ. ಅಲಿಗೆ ವಕೀಲರಿದ್ದರು, ಹೆಸರಿತ್ತು. ಹತ್ತೊಂಬತ್ತು ವರ್ಷದ ಸಾಮಾನ್ಯ ಹುಡುಗ ಅಕ್ಕಪಕ್ಕ ನೋಡುತ್ತಿದ್ದ, ಎಲ್ಲರೂ ಹೆಜ್ಜೆ ಇಟ್ಟರು, ಅವನೂ ಇಟ್ಟ.

ಇಲ್ಲೊಂದು ಲೆಕ್ಕಾಚಾರ ಇತ್ತು. ಡ್ರಾಫ್ಟ್ ಆದರೆ ಎರಡು ವರ್ಷ ಸೇವೆ, ಆದರೆ ಯಾವ ಕೆಲಸ ಎಂಬುದು ಸೈನ್ಯದ ಇಷ್ಟ. ತಾನಾಗಿ ಸೇರಿದರೆ ಮೂರು ವರ್ಷ, ಆದರೆ ರೇಡಿಯೋ ರಿಪೇರಿಯೋ ಲಾರಿ ಓಡಿಸುವುದೋ ಕೇಳಿ ಪಡೆಯುವ ಅವಕಾಶ ಉಂಟು. ಹಾಗಾಗಿ ಕಾಗದ ಬರುವ ಮೊದಲೇ ಬಹಳ ಮಂದಿ ತಾವಾಗಿ ಸೇರಿದರು. ದಾಖಲೆಯಲ್ಲಿ ಅವರು ಸ್ವಯಂಸೇವಕರು, ಒಳಗೆ ಡ್ರಾಫ್ಟಿನ ಭಯ. ವಿಯೆಟ್ನಾಂಗೆ ಹೋದ 26–27 ಲಕ್ಷ ಜನರಲ್ಲಿ ಹೆಚ್ಚಿನವರು ಡ್ರಾಫ್ಟ್ ಆದವರಲ್ಲ ಎಂಬ ಅಂಕಿಅಂಶ ಹಿಡಿದು ವಾದಿಸುವವರು ಈ ಮಾತನ್ನು ನುಂಗಿಬಿಡುತ್ತಾರೆ.

ಎಂಟು ವಾರ ಮೂಲ ತರಬೇತಿ. ಆಮೇಲೆ ಕಾಲಾಳು ಎಂದಾದರೆ ಇನ್ನೂ ಎಂಟೊಂಬತ್ತು ವಾರ, ಬಹಳಷ್ಟು ಮಂದಿಗೆ ಲೂಸಿಯಾನಾದ ಫೋರ್ಟ್ ಪೋಕ್‌ನಲ್ಲಿ. ಅಲ್ಲಿನ ಸೆಕೆ, ಕೆಸರು, ಸೊಳ್ಳೆ ವಿಯೆಟ್ನಾಂಗೆ ಹತ್ತಿರ ಎಂದು. ಆಮೇಲೆ ಕೆಲವು ದಿನದ ರಜೆ, ಅಮ್ಮನ ಕೈಯಡುಗೆ, ವಿಮಾನ. ಕಾಗದ ಬಂದು ಐದಾರು ತಿಂಗಳಿಗೆ ಹುಡುಗ ಯುದ್ಧದಲ್ಲಿ.

ಮುನ್ನೂರ ಅರವತ್ತೈದು ದಿನ

ಇಲ್ಲಿಂದ ಯಂತ್ರದ ಮುಖ್ಯ ಚಕ್ರ ಶುರು. ವಿಯೆಟ್ನಾಂನಲ್ಲಿ ಸೇವೆ ಸೈನ್ಯದವರಿಗೆ 12 ತಿಂಗಳು, ಮರೀನ್ ದಳದವರಿಗೆ 13. ಇಡೀ ತುಕಡಿ ಒಟ್ಟಿಗೆ ಹೋಗಿ ಒಟ್ಟಿಗೆ ಬರುವ ಪದ್ಧತಿ ಇರಲಿಲ್ಲ. ತರಬೇತಿಯಲ್ಲಿ ಜೊತೆಗಿದ್ದವರು ಅಲ್ಲಿಗೇ ಚದುರಿದರು. ಹುಡುಗನೊಬ್ಬನೇ ಬಾಡಿಗೆಗೆ ಹಿಡಿದ ಪ್ರಯಾಣಿಕರ ವಿಮಾನ ಹತ್ತಿದ. ಹೌದು, ಗಗನಸಖಿಯರು ಊಟ ಬಡಿಸುವ ಮಾಮೂಲಿ ವಿಮಾನವೇ. ಬಿಯೆನ್ ಹೋವಾದಲ್ಲೋ ಕ್ಯಾಮ್ ರಾನ್ಹ್ ಕೊಲ್ಲಿಯಲ್ಲೋ ಇಳಿದಾಗ ಮುಖಕ್ಕೆ ಬಡಿದದ್ದು ಬಿಸಿಗಾಳಿ ಮತ್ತು ವಾಸನೆ. ಬದಲಿ ಸಿಪಾಯಿಗಳ ಶಿಬಿರದಲ್ಲಿ ಒಂದೆರಡು ದಿನ ಪಟ್ಟಿಯಲ್ಲಿ ಹೆಸರು ಕೂಗುವುದಕ್ಕೆ ಕಾದ. ಯಾವುದೋ ಪ್ಲಟೂನಿನಲ್ಲಿ ಯಾರೋ ಸತ್ತಿದ್ದರು, ಗಾಯಗೊಂಡಿದ್ದರು ಅಥವಾ ಅವಧಿ ಮುಗಿಸಿ ಊರಿಗೆ ಹೋಗಿದ್ದರು. ಆ ಖಾಲಿ ಜಾಗ ಇವನದು.

ಹೊಸಬನೆಂದರೆ ಹಳಬರಿಗೆ ಭಯ. ಎಲ್ಲಿ ಕಾಲಿಡಬಾರದು ಎಂದು ಅವನಿಗೆ ಗೊತ್ತಿಲ್ಲ, ಸದ್ದು ಮಾಡುತ್ತಾನೆ, ತಾನೂ ಸಾಯುತ್ತಾನೆ, ಪಕ್ಕದವನನ್ನೂ ಸಾಯಿಸುತ್ತಾನೆ. ಮೊದಲ ಕೆಲವು ವಾರ ಅವನ ಹೆಸರು ಕಲಿಯುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಉಳಿದುಕೊಂಡರೆ ಆಮೇಲೆ ಕೇಳಿದರಾಯಿತು.

ಪ್ರತಿಯೊಬ್ಬನಿಗೂ ಊರಿಗೆ ಹೊರಡುವ ತಾರೀಖು ಮೊದಲ ದಿನವೇ ಗೊತ್ತು. ಹೆಲ್ಮೆಟ್ಟಿನ ಬಟ್ಟೆಯ ಮೇಲೆ ತಿಂಗಳ ಹೆಸರು ಬರೆದು ಒಂದೊಂದನ್ನೇ ಹೊಡೆದುಹಾಕುವುದು, ಚಿತ್ರವೊಂದನ್ನು ತುಂಡುತುಂಡಾಗಿ ವಿಂಗಡಿಸಿ ದಿನಕ್ಕೊಂದು ತುಂಡಿಗೆ ಬಣ್ಣ ತುಂಬುವುದು, ಹೀಗೆ ಎಣಿಕೆ. ಅಮೆರಿಕಕ್ಕೆ ಅವರ ಭಾಷೆಯಲ್ಲಿ ‘ಲೋಕ’ ಎಂದೇ ಹೆಸರು, ತಾವಿರುವುದು ಲೋಕದ ಹೊರಗೆ ಎಂಬಂತೆ. ಹೀಗೆ ಒಂದೇ ಪ್ಲಟೂನಿನ ಮೂವತ್ತು ಜನಕ್ಕೆ ಮೂವತ್ತು ಕ್ಯಾಲೆಂಡರ್. ಒಬ್ಬನ ಯುದ್ಧ ನಾಳಿದ್ದು ಮುಗಿಯುತ್ತದೆ, ಪಕ್ಕದವನದು ಈಗಷ್ಟೇ ಶುರು. ಮುನ್ನೂರು ದಿನ ಜೊತೆಗಿದ್ದವನು ಒಂದು ಬೆಳಿಗ್ಗೆ ಹೆಲಿಕಾಪ್ಟರ್ ಹತ್ತಿ ಹೋದರೆ ಅವನಿಗೂ ಸಂತೋಷ, ಉಳಿದವರಿಗೂ ಸಂತೋಷ, ಜೊತೆಗೇ ಹೇಳಲಾಗದ ಒಂದು ಅಳುಕು. ಅವನು ಬದುಕಿದ, ನಮ್ಮನ್ನು ಬಿಟ್ಟು ಹೋದ.

ಎಲ್ಲರೂ ಕಾಡಿನಲ್ಲಿ ಕಾದಿದರು ಎಂದೇನಲ್ಲ. ದೊಡ್ಡ ಸಂಖ್ಯೆಯವರು ಉಗ್ರಾಣ, ಅಡುಗೆ, ಟೈಪಿಂಗು, ಲಾರಿ, ಆಸ್ಪತ್ರೆಗಳಲ್ಲಿದ್ದರು. ಆದರೆ ಡ್ರಾಫ್ಟ್ ಹುಡುಗನ ಪಾಲಿಗೆ ಕಾಲಾಳು ಕೆಲಸ ಬೀಳುವ ಸಂಭವ ಹೆಚ್ಚಿತ್ತು. ಅದರ ದಿನಚರಿ ಹೀಗೆ: ಇಪ್ಪತ್ತೈದು ಮೂವತ್ತು ಕಿಲೋ ಹೊರೆ ಹೊತ್ತು ನಡೆಯುವುದು, ಸಂಜೆ ಗುಂಡಿ ತೋಡುವುದು, ರಾತ್ರಿ ಪಾಳಿಯಲ್ಲಿ ಎಚ್ಚರವಿರುವುದು, ಬೆಳಿಗ್ಗೆ ಎದ್ದು ಮತ್ತೆ ನಡೆಯುವುದು. ಮಳೆಗಾಲದಲ್ಲಿ ಪಾದದ ಚರ್ಮ ಬೆಳ್ಳಗಾಗಿ ಸುಲಿದು ಬರುತ್ತಿತ್ತು. ಇಂಬಳದ ಕಾಟ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಲೇರಿಯಾ ತಡೆಯಲು ವಾರಕ್ಕೊಂದು ದೊಡ್ಡ ಕಿತ್ತಳೆ ಬಣ್ಣದ ಮಾತ್ರೆ, ನುಂಗಿದರೆ ಹೊಟ್ಟೆ ಕೆಡುತ್ತಿತ್ತು. ಡಬ್ಬಿ ಊಟದಲ್ಲಿ ಹಂದಿಮಾಂಸ ಮತ್ತು ಅವರೆ ಜಾತಿಯ ಬೇಳೆ ಕೂಡಿಸಿದ ಒಂದು ಡಬ್ಬಿಯನ್ನು ಯಾರೂ ಮುಟ್ಟುತ್ತಿರಲಿಲ್ಲ, ಪೀಚ್ ಹಣ್ಣಿನ ಡಬ್ಬಿ ಸಿಕ್ಕವನು ಸಾಹುಕಾರ. ಕಾಗದಕ್ಕೆ ಸ್ಟಾಂಪ್ ಬೇಕಿರಲಿಲ್ಲ, ಲಕೋಟೆಯ ಮೂಲೆಯಲ್ಲಿ ‘ಉಚಿತ’ ಎಂದು ಕೈಯಲ್ಲಿ ಬರೆದರೆ ಸಾಕು, ಮನೆಗೆ ತಲುಪುತ್ತಿತ್ತು. ಆ ಕಾಗದಗಳಲ್ಲಿ ಸತ್ಯ ಬರೆದವರು ಕಡಿಮೆ.

ಕೈಯಲ್ಲಿದ್ದ ಬಂದೂಕಿನದೇ ಒಂದು ಕಥೆ. ಹೊಸದಾಗಿ ಬಂದ ಎಂ-16 ಹಗುರ, ವೇಗ. 1966–67ರಲ್ಲಿ ಅದು ಗುಂಡಿನ ನಡುವೆಯೇ ಸಿಕ್ಕಿಹಾಕಿಕೊಳ್ಳತೊಡಗಿತು. ಮದ್ದು ಬದಲಿಸಿದ್ದರು, ಗುಂಡು ಕೂರುವ ಕೋಣೆಗೆ ಕ್ರೋಮ್ ಲೇಪ ಇರಲಿಲ್ಲ, ಒರೆಸುವ ಸಾಮಾನನ್ನೂ ಸಾಕಷ್ಟು ಕೊಟ್ಟಿರಲಿಲ್ಲ. ಗುಂಡಿನ ಖಾಲಿ ಚಿಪ್ಪನ್ನು ಸಲಾಕೆಯಿಂದ ತಳ್ಳಿ ತೆಗೆಯುತ್ತಿದ್ದಾಗಲೇ ಸತ್ತ ಹುಡುಗರು ಇದ್ದರು. ಅಮೆರಿಕದ ಸಂಸತ್ತು ಇದರ ಮೇಲೆ ವಿಚಾರಣೆ ನಡೆಸಿತು, ಆಮೇಲೆ ಸರಿಹೋಯಿತು.

ಈ ಯುದ್ಧಕ್ಕೆ ಮುಂಚೂಣಿ ರೇಖೆ ಇರಲಿಲ್ಲ, ಹಿಡಿದ ಊರನ್ನು ನಕ್ಷೆಯಲ್ಲಿ ತೋರಿಸಿ ಗೆದ್ದೆವು ಎನ್ನುವಂತಿರಲಿಲ್ಲ. ಹಾಗಾಗಿ ಗೆಲುವನ್ನು ಹೆಣಗಳ ಲೆಕ್ಕದಲ್ಲಿ ಅಳೆದರು. ಲೆಕ್ಕ ಹೆಚ್ಚು ತೋರಿಸಿದ ಅಧಿಕಾರಿಗೆ ಬಡ್ತಿ. ಸತ್ತವನು ಸೈನಿಕನೋ ಗದ್ದೆಯ ರೈತನೋ ಎಂದು ಕೇಳುವ ಆಸಕ್ತಿ ಆ ಲೆಕ್ಕಕ್ಕೆ ಇರಲಿಲ್ಲ. 1968ರ ಮಾರ್ಚ್ 16ರಂದು ಮೈ ಲಾಯ್ ಹಳ್ಳಿಯಲ್ಲಿ ಹೆಂಗಸರು, ಮಕ್ಕಳು, ಮುದುಕರು ಸೇರಿ ನೂರಾರು ಜನರನ್ನು ಅಮೆರಿಕದ ಸಿಪಾಯಿಗಳು ಕೊಂದರು. ಆವತ್ತು ಹೆಲಿಕಾಪ್ಟರ್ ಹಾರಿಸುತ್ತಿದ್ದ ಹ್ಯೂ ಥಾಂಪ್ಸನ್ ತಮ್ಮದೇ ಸೈನಿಕರಿಗೂ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ ಕೆಲವರನ್ನು ಉಳಿಸಿದರು. ಇನ್ನೊಂದು ಉದಾಹರಣೆ 1969ರ ಮೇ ತಿಂಗಳದ್ದು. 937ನೇ ಸಂಖ್ಯೆಯ ಗುಡ್ಡಕ್ಕಾಗಿ ಹತ್ತು ದಿನ ಕಾದಾಡಿ 70ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಗುಡ್ಡ ಸಿಕ್ಕಿತು. ಜೂನ್ ತಿಂಗಳಲ್ಲಿ ಅದನ್ನು ಬಿಟ್ಟು ಬಂದರು. ಯಾಕೆ ಹತ್ತಿದೆವು ಎಂದು ಕೇಳಿದ ಹುಡುಗನಿಗೆ ಮೇಲಿನವರ ಬಳಿ ಇದ್ದ ಉತ್ತರ ಒಂದು ಸಂಖ್ಯೆ, ಎದುರಾಳಿಗಳಲ್ಲಿ ಇಷ್ಟು ಮಂದಿ ಸತ್ತರು ಎಂದು.

ಸ್ಟೇಕ್ ಊಟ, ಹೊಸ ಬಟ್ಟೆ

ಕೊನೆಯ ತಿಂಗಳು ಎಲ್ಲಕ್ಕಿಂತ ಕೆಟ್ಟದ್ದು ಎಂದು ಬಹಳ ಮಂದಿ ಹೇಳಿದ್ದಾರೆ. ಮೊದಲು ಸಾವಿನ ಭಯ ಮಂಜುಮಂಜಾಗಿರುತ್ತದೆ, ಊರು ಹತ್ತಿರವಾದಂತೆ ಸ್ಪಷ್ಟವಾಗುತ್ತದೆ. ಆಮೇಲೆ ಒಂದು ದಿನ ವಿಮಾನ. ನೆಲ ಬಿಟ್ಟ ಕ್ಷಣ ಒಳಗಿದ್ದವರೆಲ್ಲ ಕೂಗು ಹಾಕುತ್ತಿದ್ದರು, ಆಮೇಲೆ ಗಂಟೆಗಟ್ಟಲೆ ಮೌನ.

ಅಮೆರಿಕದಲ್ಲಿ ಇಳಿದ ಮೇಲೆ ಓಕ್‌ಲ್ಯಾಂಡ್‌ನಂಥ ಸೈನಿಕ ಕೇಂದ್ರದಲ್ಲಿ ಸ್ನಾನ, ಹೊಸ ಸಮವಸ್ತ್ರ, ಸರ್ಕಾರದ ಖರ್ಚಿನಲ್ಲಿ ಒಂದು ಸ್ಟೇಕ್ ಊಟ, ರಾಶಿ ಕಾಗದಕ್ಕೆ ಸಹಿ. ಸೇವೆಯ ಎರಡು ವರ್ಷದಲ್ಲಿ ಐದು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಅಲ್ಲೇ ಬಿಡುಗಡೆ. ಇದಕ್ಕಾಗಿಯೇ ಎಷ್ಟೋ ಮಂದಿ ವಿಯೆಟ್ನಾಂನಲ್ಲಿ ಕೆಲವು ವಾರ ಹೆಚ್ಚಿಗೆ ಇದ್ದು ಲೆಕ್ಕ ಸರಿಮಾಡಿಕೊಂಡು ಬರುತ್ತಿದ್ದರು. ಸಹಿ ಮುಗಿದರೆ ಸೈನ್ಯಕ್ಕೂ ಅವನಿಗೂ ಸಂಬಂಧ ಹೆಚ್ಚುಕಡಿಮೆ ಮುಗಿದಂತೆ. ಮೂರು ನಾಲ್ಕು ದಿನಗಳ ಹಿಂದೆ ಕಾಡಿನಲ್ಲಿ ಬಂದೂಕು ಹಿಡಿದಿದ್ದವನು ಈಗ ಅಮ್ಮನ ಅಡುಗೆಮನೆಯ ಕುರ್ಚಿಯಲ್ಲಿ. ಎರಡನೇ ಮಹಾಯುದ್ಧ ಮುಗಿಸಿದವರು ಬಹುಪಾಲು ಹಡಗಿನಲ್ಲಿ, ತಮ್ಮಂಥವರ ನಡುವೆ, ದಿನಗಟ್ಟಲೆ ಪ್ರಯಾಣ ಮಾಡಿ ಬಂದಿದ್ದರು. ಮಾತಾಡುವುದಕ್ಕೆ, ಅಳುವುದಕ್ಕೆ, ಬರೀ ಸಮುದ್ರ ನೋಡುತ್ತ ಕೂರುವುದಕ್ಕೆ ಹೊತ್ತು ಸಿಕ್ಕಿತ್ತು. ವಿಯೆಟ್ನಾಂನವನಿಗೆ ಅದು ಸಿಗಲಿಲ್ಲ. ಅವನ ಜೊತೆಗಾರರು ಇನ್ನೂ ಆ ಗುಂಡಿಗಳಲ್ಲೇ ಇದ್ದರು.

ವಿಮಾನ ನಿಲ್ದಾಣದಲ್ಲಿ ಪ್ರತಿಭಟನಾಕಾರರು ಸೈನಿಕರ ಮೇಲೆ ಉಗಿದರು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದು ಎಷ್ಟರ ಮಟ್ಟಿಗೆ ನಡೆಯಿತು ಎಂಬುದರ ಬಗ್ಗೆ ದೊಡ್ಡ ಜಗಳವೇ ಇದೆ. 1998ರಲ್ಲಿ ಜೆರ್ರಿ ಲೆಂಬ್ಕಿ ಎಂಬ ಸಮಾಜಶಾಸ್ತ್ರಜ್ಞ, ಅವರೂ ವಿಯೆಟ್ನಾಂಗೆ ಹೋಗಿ ಬಂದವರೇ, ಇದು ಬಹುಪಾಲು ದಂತಕಥೆ ಎಂದು ವಾದಿಸಿದರು. ತಮಗೆ ನಡೆದದ್ದೇ ಹೌದು ಎನ್ನುವವರೂ ಇದ್ದಾರೆ. ನನಗನಿಸುವಂತೆ ಉಗಿತಕ್ಕಿಂತ ಹೆಚ್ಚು ಮಂದಿಗೆ ಎದುರಾದದ್ದು ಏನೂ ಆಗದೇ ಇದ್ದದ್ದು. ಯಾರೂ ಬಯ್ಯಲಿಲ್ಲ, ಯಾರೂ ಕೇಳಲಿಲ್ಲ. ‘ಓ, ಬಂದೆಯಾ? ಎಲ್ಲೋ ಕಾಣಲಿಲ್ಲವಲ್ಲ ಇಷ್ಟು ದಿನ’ ಎಂದು ಊರು ತನ್ನ ಪಾಡಿಗೆ ತಾನು ಕೆಲಸಕ್ಕೆ ಹೋಯಿತು.

ಕೆಲವರಿಗೆ ಬಿಡುಗಡೆ ಪತ್ರವೇ ಉರುಳಾಯಿತು. ಅದರಲ್ಲಿ ಬಿಡುಗಡೆಯ ಕಾರಣ ಸೂಚಿಸುವ ಗೂಢ ಸಂಖ್ಯೆಯೊಂದು ಇರುತ್ತಿತ್ತು. ಅದರ ಅರ್ಥ ಹುಡುಗನಿಗೆ ಗೊತ್ತಿರಲಿಲ್ಲ, ಕೆಲಸ ಕೊಡುವ ಕೆಲವು ಕಂಪನಿಗಳಿಗೆ ಗೊತ್ತಿತ್ತು. ಯಾಕೆ ಎಲ್ಲೂ ಕೆಲಸ ಸಿಗುತ್ತಿಲ್ಲ ಎಂದು ತಿಳಿಯದೆ ಅಲೆದವರಿದ್ದಾರೆ. 1974ರಲ್ಲಿ ಆ ಸಂಖ್ಯೆ ಹಾಕುವುದನ್ನು ನಿಲ್ಲಿಸಿದರು. ಓದಿಗೆ ನೆರವು 1966ರ ಕಾಯ್ದೆಯಲ್ಲಿ ಶುರುವಾದದ್ದು ಒಂಟಿ ವಿದ್ಯಾರ್ಥಿಗೆ ತಿಂಗಳಿಗೆ 100 ಡಾಲರಿನಿಂದ. ಎರಡನೇ ಮಹಾಯುದ್ಧದಿಂದ ಬಂದವರಿಗೆ ಕಾಲೇಜಿನ ಫೀಯನ್ನೂ ಸರ್ಕಾರವೇ ಕಟ್ಟಿತ್ತು, ಇವರಿಗೆ ಆ 100 ಡಾಲರಿನಲ್ಲೇ ಫೀ, ಬಾಡಿಗೆ, ಊಟ ಎಲ್ಲ.

ಹೆರಾಯಿನ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಮರಳಿ ಬರುವುದು ಎಂದರೇನು ಎಂಬುದಕ್ಕೆ ಅಲ್ಲೊಂದು ಅನಿರೀಕ್ಷಿತ ಪಾಠ ಸಿಕ್ಕಿತು. 1970ರ ಹೊತ್ತಿಗೆ ವಿಯೆಟ್ನಾಂನಲ್ಲಿ ಹೆರಾಯಿನ್ ಅಗ್ಗ, ಶುದ್ಧ, ಎಲ್ಲೆಂದರಲ್ಲಿ ಲಭ್ಯ. 1971ರಲ್ಲಿ ನಿಕ್ಸನ್ ಸರ್ಕಾರ ಗಾಬರಿಬಿದ್ದು ಊರಿಗೆ ಹೊರಡುವ ಪ್ರತಿಯೊಬ್ಬನ ಮೂತ್ರ ಪರೀಕ್ಷೆ ಶುರುಮಾಡಿತು. ಲೀ ರಾಬಿನ್ಸ್ ಎಂಬ ಸಂಶೋಧಕಿ ಆ ವರ್ಷ ಮರಳಿದವರನ್ನು ಹಿಂಬಾಲಿಸಿ ವಿಚಾರಿಸಿದರು. ಸುಮಾರು ಐವರಲ್ಲಿ ಒಬ್ಬ ಅಲ್ಲಿ ಚಟಕ್ಕೆ ಬಿದ್ದಿದ್ದ. ಊರಿಗೆ ಬಂದ ಮೊದಲ ವರ್ಷ ಅವರಲ್ಲಿ ಮತ್ತೆ ಚಟಕ್ಕೆ ಬಿದ್ದವರು ಸುಮಾರು 5 ಶೇಕಡ, ಮೂರು ವರ್ಷದ ಲೆಕ್ಕದಲ್ಲೂ 12 ಶೇಕಡ. ಹೆರಾಯಿನ್ ಹಿಡಿದರೆ ಬಿಡದು ಎಂದು ನಂಬಿದ್ದ ತಜ್ಞರು ಮೊದಮೊದಲು ಇದನ್ನು ಒಪ್ಪಲೇ ಇಲ್ಲ. ಚಟ ಒಂದು ಜಾಗಕ್ಕೆ, ಅಲ್ಲಿನ ಬೇಸರಕ್ಕೆ, ಭಯಕ್ಕೆ, ಸುತ್ತಲಿನ ಮುಖಗಳಿಗೆ ಅಂಟಿಕೊಂಡಿರುತ್ತದೆ, ಜಾಗ ಬದಲಾದರೆ ಅದರ ಹಿಡಿತವೂ ಸಡಿಲಾಗಬಹುದು ಎಂಬುದು ಇದರಿಂದ ತಿಳಿದದ್ದು.

ಕೆಟ್ಟ ಸಂಗತಿ ಏನೆಂದರೆ ಭಯ ಹಾಗಲ್ಲ. ಅದು ಜಾಗ ಬದಲಿಸಿಕೊಂಡು ಜೊತೆಗೇ ಬರುತ್ತದೆ. ಕಾಡಿನಲ್ಲಿ ಕೊಂಬೆ ಮುರಿದ ಸದ್ದಿಗೆ ನೆಲಕ್ಕೆ ಬಿದ್ದವನು ಬದುಕುತ್ತಿದ್ದ, ಅಂದರೆ ದೇಹ ಕಲಿತದ್ದು ಸರಿಯಾದ ಪಾಠವೇ. ಆ ಪಾಠವನ್ನು ಮರೆಯುವುದು ದೇಹಕ್ಕೆ ಗೊತ್ತಿಲ್ಲ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಪಟಾಕಿಗೆ ಮೇಜಿನ ಕೆಳಗೆ ನುಗ್ಗುವುದು, ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುವುದು, ಮಗ್ಗುಲಲ್ಲಿ ಮಲಗಿದ ಹೆಂಡತಿ ಮುಟ್ಟಿ ಎಬ್ಬಿಸಿದರೆ ಅವಳ ಕುತ್ತಿಗೆಗೆ ಕೈಹಾಕುವುದು. ಅಮೆರಿಕದ ಮನೋವೈದ್ಯರ 1952ರ ಕೈಪಿಡಿಯಲ್ಲಿ ಇಂಥದ್ದಕ್ಕೆ ಒಂದು ಹೆಸರಿತ್ತು. 1968ರ ಪರಿಷ್ಕರಣೆಯಲ್ಲಿ ಅದನ್ನು ತೆಗೆದುಹಾಕಿದರು. ಯುದ್ಧ ಅತ್ಯಂತ ಭೀಕರವಾಗಿದ್ದ ವರ್ಷವೇ ಅದರ ಗಾಯಕ್ಕೆ ಹೆಸರಿಲ್ಲವಾಯಿತು. ಆಸ್ಪತ್ರೆಗೆ ಹೋದವನಿಗೆ ಬೇರೇನೋ ಕಾಯಿಲೆಯ ಚೀಟಿ ಅಂಟಿಸಿ ಕಳಿಸುತ್ತಿದ್ದರು.

ದಾರಿ ತೆರೆದವರು ಸೈನಿಕರೇ. 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಮರಳಿ ಬಂದವರು ತಾವೇ ಗುಂಪುಗೂಡಿ ಮಾತಾಡತೊಡಗಿದರು. ರಾಬರ್ಟ್ ಜೇ ಲಿಫ್ಟನ್, ಹೈಮ್ ಶಟಾನ್ ಎಂಬ ಮನೋವೈದ್ಯರು ಅಲ್ಲಿ ಕೂತು ಕೇಳಿಸಿಕೊಂಡರು. ಅದರಿಂದ ಹುಟ್ಟಿದ ಹೋರಾಟದ ಫಲವಾಗಿ 1980ರಲ್ಲಿ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಎಂಬ ಹೆಸರು ಕೈಪಿಡಿಗೆ ಬಂತು. ಇವತ್ತು ಅಪಘಾತ, ಅತ್ಯಾಚಾರ, ಭೂಕಂಪಗಳಿಂದ ನೊಂದವರ ಬಗ್ಗೆ ಮಾತಾಡುವಾಗ ನಾವೂ ಬಳಸುವ ಪದ ಅದು. ಎಂಬತ್ತರ ದಶಕದಲ್ಲಿ ಸರ್ಕಾರವೇ ನಡೆಸಿದ ದೊಡ್ಡ ಸಮೀಕ್ಷೆಯ ಪ್ರಕಾರ, ವಿಯೆಟ್ನಾಂಗೆ ಹೋಗಿ ಬಂದ ಗಂಡಸರಲ್ಲಿ ಆಗಲೂ ಸುಮಾರು 15 ಶೇಕಡ ಅದರಿಂದ ನರಳುತ್ತಿದ್ದರು. ಯಾವಾಗಲಾದರೊಮ್ಮೆ ನರಳಿದವರನ್ನು ಸೇರಿಸಿದರೆ ಸುಮಾರು 30 ಶೇಕಡ. ಬೋಸ್ಟನ್ನಿನಲ್ಲಿ ಇಂಥವರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ವೈದ್ಯರು ಇನ್ನೊಂದು ಗಾಯವನ್ನೂ ಗುರುತಿಸಿದರು. ಅದು ಭಯದ್ದಲ್ಲ. ಮಾಡಬಾರದ್ದನ್ನು ಮಾಡಿದೆ, ತಡೆಯಬೇಕಾದ್ದನ್ನು ತಡೆಯಲಿಲ್ಲ, ನಂಬಿದ ಅಧಿಕಾರಿಯೇ ಮೋಸ ಮಾಡಿದ ಎನ್ನುವ ಗಾಯ. ಅದಕ್ಕೆ ಮಾತ್ರೆ ಇಲ್ಲ.

ಇನ್ನು ಮೈಯೊಳಗೆ ಕೂತು ಬಂದ ವಿಷ. ಕಾಡಿನ ಎಲೆ ಉದುರಿಸಲು 1962ರಿಂದ 1971ರವರೆಗೆ ಅಮೆರಿಕ ವಿಮಾನಗಳಿಂದ ಸುರಿದ ಕಳೆನಾಶಕ ಏಳು ಕೋಟಿ ಲೀಟರಿಗೂ ಮಿಕ್ಕಿದ್ದು, ಅದರಲ್ಲಿ ಹೆಚ್ಚಿನದು ಏಜೆಂಟ್ ಆರೆಂಜ್. ಅದರಲ್ಲಿ ಬೆರೆತಿದ್ದ ಡಯಾಕ್ಸಿನ್ನಿನ ಫಲ ವರ್ಷಗಳ ನಂತರ ಕ್ಯಾನ್ಸರ್ ಆಗಿ ಕಂಡಿತು. ಕೆಲವು ಕಾಯಿಲೆಗಳು ಸೇವೆಯಿಂದಲೇ ಬಂದವೆಂದು ಕಾನೂನು ಒಪ್ಪಿದ್ದು 1991ರಲ್ಲಿ. ಹುಡುಗನಿಗೆ ಆಗ ನಲವತ್ತು ದಾಟಿತ್ತು.

ಅದೇ ವಿಷ ಬಿದ್ದ ನೆಲದಲ್ಲೇ ಉಳಿದವರ ಕಥೆ ಇದಕ್ಕಿಂತ ದೊಡ್ಡದು. ವಿಯೆಟ್ನಾಂನ ಹುಡುಗರಿಗೂ ಕಡ್ಡಾಯ ಇತ್ತು, ಎರಡೂ ಕಡೆ: ಅಮೆರಿಕದ ಜೊತೆಗಿದ್ದ ದಕ್ಷಿಣದಲ್ಲೂ, ಎದುರಿದ್ದ ಉತ್ತರದಲ್ಲೂ. ದಕ್ಷಿಣದಲ್ಲಿ 1968ರ ನಂತರ 18ರಿಂದ 38ರವರೆಗಿನ ಗಂಡಸರೆಲ್ಲ ಸೈನ್ಯಕ್ಕೆ. ಅವರಿಗೆ 365 ದಿನದ ಕ್ಯಾಲೆಂಡರ್ ಇರಲಿಲ್ಲ. ಉತ್ತರದ ಸೈನಿಕರಲ್ಲಿ ಒಂದು ಮಾತಿತ್ತು: ಹುಟ್ಟುವುದು ಉತ್ತರದಲ್ಲಿ, ಸಾಯುವುದು ದಕ್ಷಿಣದಲ್ಲಿ. 1995ರಲ್ಲಿ ವಿಯೆಟ್ನಾಂ ಸರ್ಕಾರ ಕೊಟ್ಟ ಲೆಕ್ಕದಲ್ಲಿ ತನ್ನ ಕಡೆಯ 11 ಲಕ್ಷ ಹೋರಾಟಗಾರರು, ಎರಡೂ ಭಾಗದ 20 ಲಕ್ಷ ನಾಗರಿಕರು ಸತ್ತಿದ್ದರು. ದಕ್ಷಿಣದ ಪರ ಕಾದಿ ಸೋತ ಅಧಿಕಾರಿಗಳಿಗೆ ಮನೆಯ ದಾರಿ ಹೋದದ್ದು ‘ಮರುಶಿಕ್ಷಣ’ ಎಂಬ ಹೆಸರಿನ ಸೆರೆ ಶಿಬಿರಗಳ ಮೂಲಕ, ಕೆಲವರಿಗೆ ಹತ್ತು ವರ್ಷಕ್ಕೂ ಮೇಲೆ.

ನಮ್ಮ ಕಡೆಯ ಕಲ್ಲು

ಅಮೆರಿಕದ ಹುಡುಗನಿಗೆ ಸ್ವಾಗತ ಎನ್ನುವಂಥದ್ದು ಸಿಕ್ಕಿದ್ದು 1982ರ ನವೆಂಬರಿನಲ್ಲಿ, ಆ ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ ವಾಷಿಂಗ್ಟನ್ನಿನ ಗೋಡೆಯ ಮುಂದೆ. ಗಾಯಗೊಂಡು ಮರಳಿದ್ದ ಜ್ಯಾನ್ ಸ್ಕ್ರಗ್ಸ್ 1979ರಲ್ಲಿ ಶುರುಮಾಡಿದ ನಿಧಿಗೆ ಜನರಿಂದಲೇ ದುಡ್ಡು ಬಂತು. ವಿನ್ಯಾಸದ ಸ್ಪರ್ಧೆಗೆ ಬಂದದ್ದು 1,421 ನಕ್ಷೆ. ಹೆಸರು ಮುಚ್ಚಿಟ್ಟು ಆರಿಸಿದಾಗ ಗೆದ್ದದ್ದು ಮಾಯಾ ಲಿನ್, 21 ವರ್ಷದ ಕಾಲೇಜು ವಿದ್ಯಾರ್ಥಿನಿ. ನೆಲದೊಳಕ್ಕೆ ಇಳಿಯುವ ಕಪ್ಪು ಕಲ್ಲಿನ ಎರಡು ರೆಕ್ಕೆ, ಮೈತುಂಬ ಹೆಸರು, ಬೇರೇನಿಲ್ಲ. ಇದು ನಾಚಿಕೆಯ ಕರಿ ಗಾಯ ಎಂದು ಸೈನಿಕರಲ್ಲೇ ಕೆಲವರು ಕೆರಳಿದರು.

ಆ ಕಪ್ಪು ಗ್ರಾನೈಟ್ ಹೋದದ್ದು ಬೆಂಗಳೂರಿನ ಕಡೆಯಿಂದ. ಕನ್ನಡಿಯಂತೆ ಹೊಳಪು ಬರುವ ಕಲ್ಲು ಬೇಕಿತ್ತು. ಸ್ವೀಡನ್ನಿನಲ್ಲೂ ಕೆನಡಾದಲ್ಲೂ ಅಂಥದ್ದು ಇತ್ತು. ಆದರೆ ಡ್ರಾಫ್ಟಿಗೆ ಹೆದರಿಯೋ ಒಪ್ಪದೆಯೋ ದೇಶ ಬಿಟ್ಟ ಹುಡುಗರು ಓಡಿಹೋಗಿದ್ದು ಅದೇ ದೇಶಗಳಿಗೆ, ಅಲ್ಲಿನ ಕಲ್ಲು ಬೇಡ ಎಂದಾಯಿತು. ಆ ಹುಡುಗರಿಗೆ ಅಧ್ಯಕ್ಷ ಕಾರ್ಟರ್ 1977ರಲ್ಲೇ ಕ್ಷಮೆ ಕೊಟ್ಟಿದ್ದರು, ಕಲ್ಲಿಗೆ ಮಾತ್ರ ಕ್ಷಮೆ ಸಿಗಲಿಲ್ಲ. ನಮ್ಮ ಕ್ವಾರಿಯಿಂದ ಹೋದ ಕಲ್ಲನ್ನು ವರ್ಮಾಂಟ್‌ನಲ್ಲಿ ಕೊಯ್ದು, ಮೆಂಫಿಸ್‌ನಲ್ಲಿ ಹೆಸರು ಮೂಡಿಸಿ ನಿಲ್ಲಿಸಿದರು. ಆಗ 57,939 ಹೆಸರುಗಳಿದ್ದವು, ಈಗ 58 ಸಾವಿರ ದಾಟಿದೆ. ಅವರಲ್ಲಿ ಡ್ರಾಫ್ಟ್ ಆಗಿ ಹೋದವರು ಸುಮಾರು 17,700.

ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಬರೆಯಬೇಕೆಂದು ಒತ್ತಾಯ ಇತ್ತು, ಹುಡುಕಲು ಸುಲಭ ಎಂದು. ಲಿನ್ ಒಪ್ಪಲಿಲ್ಲ. ಸತ್ತ ದಿನದ ಕ್ರಮದಲ್ಲಿ ಬರೆಸಿದರು. ಹಾಗಾಗಿ ಒಂದೇ ಬೆಳಿಗ್ಗೆ ಒಂದೇ ಗದ್ದೆಯಲ್ಲಿ ಬಿದ್ದವರು ಗೋಡೆಯ ಮೇಲೂ ಅಕ್ಕಪಕ್ಕ ಇದ್ದಾರೆ. ಬದುಕಿ ಬಂದವನು ತನ್ನ ಆ ದಿನದ ಸಾಲು ಹುಡುಕಿಕೊಂಡು ಹೋದರೆ, ಚದುರಿಹೋದ ಪ್ಲಟೂನು ಅಲ್ಲಿ ಒಟ್ಟಿಗೆ ಸಿಗುತ್ತದೆ. ಕಲ್ಲಿನ ಹೊಳಪಿನಲ್ಲಿ ಆ ಹೆಸರುಗಳ ಹಿಂದೆ ಅವನದೇ ಮುಖ ಕಾಣುತ್ತದೆ. ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುವವರಿದ್ದಾರೆ. ಬೂಟು, ಪದಕ, ಬಿಯರ್ ಡಬ್ಬಿ, ಹಳೆಯ ಕಾಗದ ಬಿಟ್ಟು ಹೋಗುವವರಿದ್ದಾರೆ. ಅವುಗಳಲ್ಲಿ ಹಲವನ್ನು ಆಯ್ದು ಸರ್ಕಾರ ಜೋಪಾನವಾಗಿ ಇಡುತ್ತದೆ.

ಪ್ರತಿ ಹೆಸರಿನ ಪಕ್ಕ ಒಂದು ಗುರುತು ಇದೆ. ಸಾವು ಖಚಿತವಾದವರಿಗೆ ವಜ್ರಾಕಾರ, ಕಾಣೆಯಾದವರಿಗೆ ಶಿಲುಬೆಯಂಥ ಗುರುತು. ಎಂದೋ ಮೂಳೆ ಸಿಕ್ಕಿ ಗುರುತಾದರೆ ಶಿಲುಬೆಯ ಮೇಲೆ ವಜ್ರ ಕೆತ್ತುತ್ತಾರೆ, ಹಾಗೆ ಎಷ್ಟೋ ಬಾರಿ ಕೆತ್ತಿದ್ದಾರೆ. ಕಾಣೆಯಾದವನು ಜೀವಂತ ಮರಳಿದರೆ ಶಿಲುಬೆಯ ಸುತ್ತ ಒಂದು ವೃತ್ತ ಕೆತ್ತಬೇಕು ಎಂದೂ ತೀರ್ಮಾನವಾಗಿದೆ. ಅಂಥ ವೃತ್ತ ಆ ಗೋಡೆಯ ಮೇಲೆ ಒಂದೂ ಇಲ್ಲ.